ಹಾಯಿದೋಣಿಯ ಜಾರುವ ಹ್ಯಾಚ್: ಸೋರಿಕೆ ಎಲ್ಲಿಂದ, ದುರಸ್ತಿ ಹೇಗೆ?

ಪ್ರಶ್ನೆ: ಗೋವಾದಲ್ಲಿ ಕೊಂಡ 25 ಅಡಿಯ ಹಳೆಯ ಫೈಬರ್ ಹಾಯಿದೋಣಿಯೊಂದು ನನ್ನಲ್ಲಿದೆ. ಚಂದ್ರಗಿರಿ ಹೊಳೆಯ ಅಳಿವೆಯ ಹತ್ತಿರ ಲಂಗರು ಹಾಕಿ ಇಡುತ್ತೇನೆ. ಕ್ಯಾಬಿನ್‌ಗೆ ಇಳಿಯುವ ಬಾಗಿಲಿನ ಮೇಲೆ ಹಿತ್ತಾಳೆ ಪಟ್ಟಿಗಳ ಮೇಲೆ ಜಾರುವ ಹ್ಯಾಚ್ (ಮುಚ್ಚಳ) ಇದೆ. ತೇಗದ ಚೌಕಟ್ಟು, ನಡುವೆ ಅಕ್ರಿಲಿಕ್ ಹಾಳೆ. ಮಳೆಗಾಲದಲ್ಲಿ ಅದು ಬಿಗಿದುಕೊಂಡು ಸರಿಯುವುದೇ ಇಲ್ಲ, ಆದರೂ ಒಳಗೆ ನೀರು ಸೋರುತ್ತದೆ. ಎರಡು ವರ್ಷ ಸುತ್ತಲೂ ಸಿಲಿಕೋನ್ ಹಚ್ಚಿಸಿದೆ, ಪ್ರಯೋಜನವಾಗಲಿಲ್ಲ. ಇದನ್ನು ದುರಸ್ತಿ ಮಾಡಬಹುದೇ, ಅಥವಾ ಕಿತ್ತು ಅಲ್ಯೂಮಿನಿಯಂನ ಹೊಸ ಹ್ಯಾಚ್ ಕೂರಿಸಬೇಕೇ?
– ಓದುಗರು, ಕಾಸರಗೋಡು

ಉತ್ತರ: ದುರಸ್ತಿ ಮಾಡಬಹುದು, ಮಾಡುವುದೇ ಒಳ್ಳೆಯದು. ಕೆಲಸಕ್ಕೆ ಕೈ ಹಾಕುವ ಮೊದಲು ಈ ಹ್ಯಾಚ್ ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳಬೇಕು. ಮುಚ್ಚಳ ಜಾರಬೇಕಾದರೆ ಸಂದು ಇರಲೇಬೇಕು. ಸಂದು ಇದ್ದಲ್ಲಿ ಗಾಳಿಯೊಡನೆ ನೀರು ಬಂದೇ ಬರುತ್ತದೆ. ಹಾಗೆ ಬಂದ ನೀರನ್ನು ಒಂದು ಏರುಪಟ್ಟಿಯ (ನೀರಿಗೆ ಅಡ್ಡ ಕಟ್ಟಿದ ಎತ್ತರದ ಅಂಚಿನ) ಹೊರಬದಿಯಲ್ಲಿ ತಡೆದು, ಇಳಿಜಾರಿನಲ್ಲಿ ನಡೆಸಿ, ತೂತುಗಳ ಮೂಲಕ ಡೆಕ್ಕಿಗೆ (ದೋಣಿಯ ಮೇಲ್ತಟ್ಟಿಗೆ) ಬಿಡುವಂತೆ ಇದನ್ನು ಕಟ್ಟಿರುತ್ತಾರೆ. ನಮ್ಮ ಊರಿನ ಹಂಚಿನ ಮಾಡಿನಲ್ಲಿ ಒಂದು ಹಂಚನ್ನೂ ಅಂಟಿಸಿರುವುದಿಲ್ಲ. ಒಂದರ ಮೇಲೊಂದು ಹೊದಿಸಿ ನೀರಿಗೆ ಇಳಿದುಹೋಗುವ ದಾರಿ ಕೊಟ್ಟಿರುವುದರಿಂದಲೇ ಅದು ಸೋರುವುದಿಲ್ಲ. ಹ್ಯಾಚ್‌ನ ತತ್ತ್ವವೂ ಇದೇ. ಸುತ್ತಲೂ ಸಿಲಿಕೋನ್ ಹಚ್ಚಿದಾಗ ನೀರು ಒಳಬರುವ ಹತ್ತು ಸಂದುಗಳಲ್ಲಿ ಎಂಟು ಮುಚ್ಚಿರಬಹುದು, ಆದರೆ ಹೊರಹೋಗುವ ದಾರಿಯೂ ಅದರೊಡನೆ ಮುಚ್ಚಿಹೋಗುತ್ತದೆ. ಉಳಿದ ಎರಡು ಸಂದುಗಳಿಂದ ಬಂದ ನೀರಿಗೆ ಆಮೇಲೆ ಕ್ಯಾಬಿನ್ ಒಂದೇ ಗತಿ. ನಿಮ್ಮ ಎರಡು ವರ್ಷದ ಸಿಲಿಕೋನ್ ವ್ಯರ್ಥವಾದದ್ದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಇನ್ನೊಂದು ಕಾರಣ ನೀವು ದೋಣಿ ನಿಲ್ಲಿಸುವ ಜಾಗದಲ್ಲಿದೆ. ಲಂಗರು ಹಾಕಿದ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ, ಆದ್ದರಿಂದ ಬಿರುಮಳೆಯ ಹೊಡೆತ ಮುಂಭಾಗಕ್ಕೆ ಬೀಳುತ್ತದೆ ಎಂಬ ಎಣಿಕೆಯಿಂದಲೇ ಇಂಥ ಹ್ಯಾಚ್‌ಗಳನ್ನು ರಚಿಸಲಾಗಿದೆ. ಅದಕ್ಕಾಗಿಯೇ ಕ್ಯಾಬಿನ್ನಿನ ಬಾಗಿಲು ಹಿಂದಕ್ಕೆ ತೆರೆದಿರುತ್ತದೆ. ಮಳೆಗಾಲದ ಚಂದ್ರಗಿರಿಯಲ್ಲಿ ಈ ಎಣಿಕೆ ತಲೆಕೆಳಗಾಗುತ್ತದೆ. ಕೊಡಗಿನ ಬೆಟ್ಟಗಳಲ್ಲಿ ಮಳೆ ಸುರಿದು, ಚಂದ್ರಗಿರಿಗೆ ನೀರು ತರುವ ಪಯಸ್ವಿನಿ ಕೆಂಪಾಗಿ ಇಳಿದು ಬರುವಾಗ ದೋಣಿಯನ್ನು ತಿರುಗಿಸುವುದು ಗಾಳಿಗಿಂತ ಹೆಚ್ಚಾಗಿ ಹೊಳೆಯ ಸೆಳೆತ. ಮೂತಿ ಹೊಳೆಯ ಮೇಲ್ದಿಕ್ಕಿಗೆ, ಬೆನ್ನು ಸಮುದ್ರಕ್ಕೆ. ಪಡುವಣದಿಂದ ಬೀಸುವ ಮುಂಗಾರಿನ ಗಾಳಿ ನೇರವಾಗಿ ಹಿಂದಿನಿಂದ ಬಂದು, ಒಂದರ ಮೇಲೊಂದು ಕೂರಿಸಿ ಬಾಗಿಲು ಮುಚ್ಚುವ ಹಲಗೆಗಳಿಗೂ ಹ್ಯಾಚ್‌ನ ಹಿಂದಿನ ಅಂಚಿಗೂ ಮಳೆಯನ್ನು ಅಪ್ಪಳಿಸುತ್ತದೆ, ಮುಚ್ಚಳದ ಅಡಿಯಿಂದ ನೀರನ್ನು ಮುಂದಕ್ಕೆ ನೂಕುತ್ತದೆ. ಶಾಂತವಾದ ಬಂದರಿನಲ್ಲಿ ಹನಿಯೂ ಸೋರದ ಹ್ಯಾಚ್ ಇಲ್ಲಿ ಸೋರಿದರೆ ಆಶ್ಚರ್ಯವಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಆದ್ದರಿಂದ ಮೊದಲ ಕೆಲಸ ಪರೀಕ್ಷೆ. ಕ್ಯಾಬಿನ್ನಿನ ಒಳಭಾಗವನ್ನು ಪೂರ್ತಿ ಒರೆಸಿ ಒಣಗಿಸಿ, ಹ್ಯಾಚ್‌ನ ಒಳ ಅಂಚಿನ ಸುತ್ತ ತೆಳು ಟಿಶ್ಯೂ ಕಾಗದದ ಪಟ್ಟಿಗಳನ್ನು ಟೇಪಿನಿಂದ ಅಂಟಿಸಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತುಕೊಳ್ಳಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಒತ್ತಡವಿಲ್ಲದ ನೀರು ಬಿಡಲಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು: ಮೊದಲು ಬಾಗಿಲ ಹೊಸ್ತಿಲು, ಆಮೇಲೆ ಹಲಗೆಗಳ ಸಂದು, ಹಳಿಗಳ (ಮುಚ್ಚಳ ಜಾರುವ ಹಿತ್ತಾಳೆ ಪಟ್ಟಿಗಳ) ಹಿಂದಿನ ತುದಿ, ಮುಚ್ಚಳ ತೆರೆದಾಗ ಹೋಗಿ ಸೇರುವ ಮುಂದಿನ ಗೂಡಿನ ಬುಡ, ಹಳಿಗಳ ಸ್ಕ್ರೂಗಳು, ಕೊನೆಗೆ ಅಕ್ರಿಲಿಕ್ ಹಾಳೆಯ ಅಂಚು. ಒಂದೊಂದು ಜಾಗಕ್ಕೂ ಐದರಿಂದ ಹತ್ತು ನಿಮಿಷ ಕೊಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲ ಸಂದುಗಳೂ ಒಟ್ಟಿಗೆ ಒದ್ದೆಯಾಗಿ ಯಾವುದು ಸೋರಿತೆಂದು ತಿಳಿಯುವುದಿಲ್ಲ. ಹನಿ ಕಂಡ ಜಾಗವೇ ಸೋರಿದ ಜಾಗವೆಂದೂ ತಿಳಿಯಬಾರದು. ಸ್ಕ್ರೂ ತೂತಿನಿಂದ ಇಳಿದ ನೀರು ಒಳಗಿನ ಹಲಗೆಯ ಹಿಂದೆ ಒಂದಡಿ ಹರಿದು ಬೇರೆಲ್ಲೋ ತೊಟ್ಟಿಕ್ಕುವುದುಂಟು.

ಪರೀಕ್ಷೆಯ ಹೊತ್ತಿನಲ್ಲೇ ಗೂಡಿನ ನೀರಿಳಿಯುವ ತೂತುಗಳನ್ನು ನೋಡಿಬಿಡಿ. ಗೂಡಿನ ಹಿಂದಿನ ಮೂಲೆಗಳಲ್ಲಿ, ಹಳಿಗಳ ಹೊರಬದಿಯಲ್ಲಿ, ಎರಡೂ ಕಡೆ ಸಣ್ಣ ತೂತುಗಳಿರುತ್ತವೆ. ಹೊರಗಿನಿಂದ ನೋಡಿದರೆ ಅವು ಚೊಕ್ಕವಾಗಿಯೇ ಕಾಣುತ್ತವೆ. ತಂತಿ ತೂರಿಸಿದರೆ ಬೆರಳಿನ ಒಂದು ಗೆಣ್ಣಿನಷ್ಟು ಒಳಗೆ ಗಟ್ಟಿಯಾಗಿ ತಾಗುತ್ತದೆ. ಎಳೆದು ತೆಗೆದರೆ ಕುಂಬಾರ ಹುಳು ಮೆತ್ತಿದ ಕೆಮ್ಮಣ್ಣಿನ ಉಂಡೆ, ಅದರೊಳಗೆ ಒಣಗಿದ ಮರಿಹುಳಗಳು. ನಮ್ಮ ಕರಾವಳಿಯಲ್ಲಿ ಬೇಸಗೆಯಲ್ಲಿ ನಿಂತ ದೋಣಿಗಳಲ್ಲಿ ಇದು ಅತಿ ಸಾಮಾನ್ಯ. ತೂತುಗಳು 10–12 ಮಿ.ಮೀ.ಗಿಂತ ಸಣ್ಣದಿದ್ದರೆ ಅಷ್ಟಕ್ಕೆ ದೊಡ್ಡದು ಮಾಡಿ, ಕೊರೆದ ಅಂಚಿಗೆ ಇಪಾಕ್ಸಿ (ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಅಂಟು) ಸವರಿ. ಬಲೆ ಕಟ್ಟಬೇಡಿ, ಅದರಲ್ಲಿ ಎಲೆ ಸಿಕ್ಕಿ ಮತ್ತೆ ಕಟ್ಟುತ್ತದೆ. ತಿಂಗಳಿಗೊಮ್ಮೆ ತಂತಿ ಆಡಿಸಿದರೆ ಸಾಕು.

ಇನ್ನು ಹಳೆಯ ಸಿಲಿಕೋನ್. ಇದನ್ನು ತೆಗೆಯುವುದು ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಭಾಗ, ಅಷ್ಟೇ ಮುಖ್ಯ ಭಾಗ ಕೂಡ. ಸಿಲಿಕೋನ್ ಪಸೆ ಉಳಿದ ಮೇಲ್ಮೈಗೆ ಬಣ್ಣ, ವಾರ್ನಿಶ್, ಇಪಾಕ್ಸಿ ಯಾವುದೂ ಹಿಡಿಯುವುದಿಲ್ಲ. ಹೊಸ ಸಿಲಿಕೋನ್ ಕೂಡ ಸರಿಯಾಗಿ ಅಂಟುವುದಿಲ್ಲ. ಥಿನ್ನರಿನಿಂದ ಒರೆಸಿದರೆ ಪಸೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಚೂಪಾದ ಬ್ಲೇಡಿನಿಂದ ಕೆರೆದು, ಆಮೇಲೆ ಸ್ಯಾಂಡ್ ಪೇಪರಿನಿಂದ ಉಜ್ಜಿ, ಉಜ್ಜಿದ ಕಾಗದವನ್ನು ಆಗಾಗ ಬದಲಿಸಬೇಕು. ಮುಗಿಯಿತೆಂದು ಅನ್ನಿಸಿದಾಗ ನೀರು ಚಿಮುಕಿಸಿ ನೋಡಿ. ನೀರು ಹಾಳೆಯಂತೆ ಹರಡಿ ನಿಂತರೆ ಚೊಕ್ಕವಾಗಿದೆ. ಕೆಸುವಿನೆಲೆಯ ಮೇಲೆ ನಿಂತ ಹಾಗೆ ಹನಿಗಟ್ಟಿದರೆ ಪಸೆ ಇನ್ನೂ ಇದೆ.

ಅಕ್ರಿಲಿಕ್ ಹಾಳೆಯನ್ನು ಮೇಲಕ್ಕೆ ಮೀಟಿ ತೆಗೆಯಲು ಹೋದರೆ ಸೀಳುತ್ತದೆ. ಗಾಳಕ್ಕೆ ಕಟ್ಟುವ ತಂಗೂಸಿ ದಾರವನ್ನು ಸಂದಿಗೆ ಇಳಿಸಿ, ಎರಡು ತುದಿಗಳಿಗೂ ಕಡ್ಡಿ ಕಟ್ಟಿ, ಇಬ್ಬರು ಗರಗಸದಂತೆ ಎಳೆದರೆ ಹಳೆಯ ಅಂಟು ಕತ್ತರಿಸಿ ಹೋಗುತ್ತದೆ. ಹಾಳೆಯ ಮೈಯಲ್ಲಿ ಬಿಸಿಲಿಗೆ ಹಿಡಿದು ನೋಡಿದಾಗ ಮಿನುಗುವ ಕೂದಲೆಳೆಯಂಥ ಬಿರುಕುಗಳಿದ್ದರೆ ಅದನ್ನು ಮತ್ತೆ ಕೂರಿಸಬೇಡಿ. 10 ಅಥವಾ 12 ಮಿ.ಮೀ. ದಪ್ಪದ ಎರಕದ ಅಕ್ರಿಲಿಕ್ ಹಾಳೆ ತನ್ನಿ. ಹ್ಯಾಚ್ ಮೇಲೆ ಕಾಲಿಡುವ ಅಭ್ಯಾಸವಿದ್ದರೆ 12 ಬೇಕು. ಪಾಲಿಕಾರ್ಬೊನೇಟ್ ಹೆಚ್ಚು ಗಟ್ಟಿ ನಿಜ, ಆದರೆ ಬೇಗ ಗೀರು ಬೀಳುತ್ತದೆ ಮತ್ತು ಬಿಸಿಲಿನ ರಕ್ಷಣಾ ಲೇಪವಿಲ್ಲದ ಹಾಳೆ ಹಳದಿಗಟ್ಟುತ್ತದೆ. ನಮ್ಮ ಬಿಸಿಲಿಗೆ ನಾನು ಅಕ್ರಿಲಿಕ್ಕನ್ನೇ ಆರಿಸುತ್ತೇನೆ. ಅಕ್ರಿಲಿಕ್ಕಿಗೆ ಅಸಿಟೋನ್, ಥಿನ್ನರ್, ಪೆಟ್ರೋಲ್ ಸೋಕಿಸಲೇಬಾರದು. ಸಾಬೂನು ನೀರು ಸಾಕು.

ಹಾಳೆಯನ್ನು ಕತ್ತರಿಸುವಾಗ ಚೌಕಟ್ಟಿನ ಅಳತೆಗೆ ಬಿಗಿಯಾಗಿ ಕತ್ತರಿಸುವುದು ಎಲ್ಲರೂ ಮಾಡುವ ತಪ್ಪು. ಅಕ್ರಿಲಿಕ್ ಬಿಸಿಗೆ ಬಹಳ ಹಿಗ್ಗುತ್ತದೆ. 50 ಸೆಂ.ಮೀ. ಉದ್ದದ ಹಾಳೆ ಬೆಳಗಿನ ತಂಪಿನಿಂದ ನಡುಹಗಲಿನ ಕಾವಿಗೆ 40 ಡಿಗ್ರಿ ಏರಿದರೆ ಸುಮಾರು ಒಂದೂವರೆ ಮಿ.ಮೀ. ಉದ್ದವಾಗುತ್ತದೆ, ಕಪ್ಪು ಛಾಯೆಯ ಹಾಳೆ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಕಾಯುವುದು ದಿನನಿತ್ಯದ ಮಾತು. ಸುತ್ತಲೂ ಎರಡು ಮಿ.ಮೀ. ಬಿಡಿ. ಹಾಳೆಯ ಮೂಲಕ ಸ್ಕ್ರೂ ಹಾಕದೆ, ಮೇಲಿನಿಂದ ತೇಗದ ಬೀಡಿಂಗ್ ಪಟ್ಟಿ ಇಟ್ಟು, ಪಟ್ಟಿಯನ್ನು ಚೌಕಟ್ಟಿನ ಮರಕ್ಕೆ ಮಾತ್ರ ಸ್ಕ್ರೂ ಮಾಡಿ. ಹಾಳೆಯ ಅಡಿಗೆ ಅಲ್ಲಲ್ಲಿ 3 ಮಿ.ಮೀ. ದಪ್ಪದ ಫೋಮ್ ಟೇಪಿನ ತುಂಡುಗಳನ್ನು ಇಟ್ಟರೆ ಅಂಟಿನ ಪದರ ಅಷ್ಟೇ ದಪ್ಪ ಉಳಿಯುತ್ತದೆ. ಒತ್ತಿ ಒತ್ತಿ ಅಂಟನ್ನೆಲ್ಲ ಹೊರಗೆ ಹಿಂಡಿದರೆ, ಉಳಿದ ಕಾಗದದಷ್ಟು ತೆಳು ಪದರ ಹಾಳೆ ಹಿಗ್ಗಿ ಕುಗ್ಗುವಾಗ ಹರಿದುಹೋಗುತ್ತದೆ.

ಇಲ್ಲಿ ಯಾವ ಅಂಟು ಎಂಬುದು ನಿರ್ಣಾಯಕ. ಅಕ್ರಿಲಿಕ್ಕಿಗೆ ಪಾಲಿಸಲ್ಫೈಡ್ ಎಂಬ ಬಗೆಯ ಅಂಟು ಬಳಸಬಾರದು, ಅದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಟ್ಯೂಬಿನ ಮೇಲೆ ಬರೆದಿರುವ, ಹೊರಾಂಗಣ ಗಾಜಿನ ಕೆಲಸಕ್ಕೆ ಮಾಡಿದ ಸಿಲಿಕೋನ್ ತನ್ನಿ. ಬಚ್ಚಲುಮನೆಗೆ ಹಾಕುವ ಅಗ್ಗದ ಸಿಲಿಕೋನ್ ಹಚ್ಚುವಾಗ ವಿನೆಗರಿನಂತೆ ಹುಳಿ ವಾಸನೆ ಬರುತ್ತದೆ. ಅದರ ಆಮ್ಲ ಹಿತ್ತಾಳೆಯನ್ನೂ ಸ್ಕ್ರೂಗಳನ್ನೂ ಕೆಡಿಸುತ್ತದೆ. ಹಚ್ಚಿದ ಸಿಲಿಕೋನ್ ದಿನಕ್ಕೆ ಎರಡು ಮೂರು ಮಿ.ಮೀ. ಆಳಕ್ಕೆ ಮಾತ್ರ ಗಟ್ಟಿಯಾಗುತ್ತದೆ, ಆದ್ದರಿಂದ ಒಂದು ವಾರ ಹ್ಯಾಚ್ ಮುಟ್ಟದಿರುವುದು ಕ್ಷೇಮ. ಮರದ ವಾರ್ನಿಶ್ ಕೆಲಸವನ್ನೆಲ್ಲ ಸಿಲಿಕೋನ್ ಟ್ಯೂಬ್ ತೆರೆಯುವ ಮೊದಲೇ ಮುಗಿಸಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಮಳೆಗಾಲದಲ್ಲಿ ಬಿಗಿಯುವ ಸಮಸ್ಯೆಗೆ ಬರೋಣ. ಬಡಗಿಯನ್ನು ಕರೆದರೆ ಜುಲೈಯಲ್ಲೇ ಕೀಸುಳಿ ಹಿಡಿದು ಬದಿಯನ್ನು ಕೀಸಿ ಕೊಟ್ಟಾರು. ದಯವಿಟ್ಟು ಬೇಡ. ಒದ್ದೆ ಮರವನ್ನು ಕೀಸಿದರೆ ಮಾರ್ಚ್ ಬರುವಾಗ ಅದು ಕುಗ್ಗಿ ಹಳಿಯ ಮೇಲೆ ಲಟಪಟ ಅಲುಗಾಡುತ್ತದೆ. ತೇಗ ಎಳೆಯ ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬಹುದು, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ನಿಮ್ಮ ಚೌಕಟ್ಟಿನ ಅಡ್ಡಪಟ್ಟಿಗಳ ಎಳೆ ಹ್ಯಾಚ್‌ನ ಅಗಲದ ದಿಕ್ಕಿಗೇ ಇರುವುದರಿಂದ ಅವು ಅಗಲವನ್ನು ಹೆಚ್ಚಿಸಲಾರವು. ಹೆಚ್ಚಿಸುವುದು ಬದಿಯ ಎರಡು ಪಟ್ಟಿಗಳು. ಎಂಟೆಂಟು ಸೆಂ.ಮೀ. ಅಗಲದ ಈ ಪಟ್ಟಿಗಳ ತೇವಾಂಶ ಬೇಸಗೆಯಿಂದ ಆಟಿಗೆ (ಆಷಾಢದ ಮಳೆಗಾಲಕ್ಕೆ) ಶೇಕಡಾ ಆರರಷ್ಟು ಏರಿದರೂ ಎರಡೂ ಸೇರಿ ಹಿಗ್ಗುವುದು ಎರಡು ಮಿ.ಮೀ.ಗಿಂತ ಕಡಿಮೆ. ಅಳತೆ ಅದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತಿದ್ದರೆ ದೋಷ ಮರದ ಹಿಗ್ಗುವಿಕೆಯದ್ದಲ್ಲ, ಮೂಲೆಯ ಕೂಡು ಬಿಟ್ಟುಕೊಂಡಿದೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದರೆ ಗೊತ್ತಾಗುತ್ತದೆ. ಕೂಡು ಬಿಟ್ಟಿದ್ದರೆ ಚೌಕಟ್ಟನ್ನು ಬಿಚ್ಚಿ, ಹಳೆಯ ಅಂಟು ಕೆರೆದು, ಇಪಾಕ್ಸಿಯಿಂದ ಮತ್ತೆ ಕೂಡಿಸಬೇಕು. ತೇಗದಲ್ಲಿ ಸಹಜವಾಗಿಯೇ ಎಣ್ಣೆಯಿದೆ. ಅಂಟು ಹಚ್ಚುವ ಸ್ವಲ್ಪ ಮೊದಲು ಅಸಿಟೋನ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು. ಒಳ್ಳೆಯದಾಗಲೆಂದು ಯಾರಾದರೂ ಹಿಂದೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಬಳಿದಿದ್ದರೆ, ಅದು ಇಳಿದಷ್ಟು ಆಳಕ್ಕೆ ಮರವನ್ನು ಕೀಸಿ ತೆಗೆಯದೆ ಇಪಾಕ್ಸಿ ಹಿಡಿಯುವುದಿಲ್ಲ. ಮರದ ದೋಣಿಗಳಿಗೆ ಆ ಎಣ್ಣೆಗಳು ಉತ್ತಮವೇ, ಅಂಟಿಸಬೇಕಾದ ಜಾಗಕ್ಕೆ ಮಾತ್ರ ಸಲ್ಲವು.

ಮರ ಪೂರ್ತಿ ಒಣಗಿರುವ ಫೆಬ್ರವರಿ ಮಾರ್ಚ್‌ನಲ್ಲಿ ಅಳೆದಾಗ ಮುಚ್ಚಳಕ್ಕೂ ಹಳಿಗೂ ನಡುವೆ ಎರಡು ಬದಿಯಲ್ಲೂ ಎರಡರಿಂದ ಎರಡೂವರೆ ಮಿ.ಮೀ. ಸಂದು ಇರಬೇಕು. ಆಗ ಮಳೆಗಾಲದಲ್ಲಿ ಒಂದು ಮಿ.ಮೀ.ಗೂ ಮೇಲ್ಪಟ್ಟು ಉಳಿಯುತ್ತದೆ. ಎಳೆಯ ತುದಿಗಳು, ಅಂದರೆ ಪಟ್ಟಿ ಕೊಯ್ದ ಕೊನೆಗಳು, ನೀರು ಹೀರುವ ಬಾಯಿಗಳು. ಅಲ್ಲಿಗೆ ತೆಳು ಇಪಾಕ್ಸಿಯನ್ನು ಮರ ಕುಡಿಯುವಷ್ಟು ಕುಡಿಸಿ. ಇಪಾಕ್ಸಿ ಬಿಸಿಲಿಗೆ ಪುಡಿಯಾಗುವುದರಿಂದ ಅದರ ಮೇಲೆ ಬಿಸಿಲು ತಡೆಯುವ ವಾರ್ನಿಶ್ ಕಡ್ಡಾಯ.

ಹಳಿಗಳನ್ನು ಬಿಚ್ಚಿದಾಗ ಸ್ಕ್ರೂಗಳನ್ನು ಗಮನಿಸಿ. ಹಿತ್ತಾಳೆ ಸ್ಕ್ರೂ ಉಪ್ಪುನೀರಿನಲ್ಲಿ ಸತುವನ್ನು ಕಳೆದುಕೊಂಡು ನಸುಗೆಂಪಾಗಿ, ತಿರುಪಿದರೆ ತಲೆ ಮುರಿಯುತ್ತದೆ. ಹೊಸದಾಗಿ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 304 ಉಪ್ಪುಗಾಳಿಗೆ ಕಂದುಗಟ್ಟುತ್ತದೆ. ಪಟ್ಟಿ ಸವೆದಿದ್ದರೆ ಅಸಿಟಾಲ್ ಎಂಬ ಪ್ಲಾಸ್ಟಿಕ್ಕಿನ ಅಥವಾ ಗಟ್ಟಿ ಪಾಲಿಎಥಿಲೀನ್‌ನ ಪಟ್ಟಿ ಹಾಕಬಹುದು. ನೈಲಾನ್ ಬೇಡ, ಅದು ನೀರು ಕುಡಿದು ಉಬ್ಬುತ್ತದೆ. ಪಾಲಿಎಥಿಲೀನಿಗೆ ಯಾವ ಅಂಟೂ ಹಿಡಿಯದು, ತಲೆ ತಗ್ಗಿಸಿದ ಸ್ಕ್ರೂಗಳಿಂದಲೇ ಕೂರಿಸಬೇಕು. ಜಾರಲು ಗ್ರೀಸ್, ಎಣ್ಣೆ ಬಳಿಯಬೇಡಿ, ಮರಳು ಅಂಟಿ ಅರದಂತೆ ಉಜ್ಜುತ್ತದೆ. ಮೇಣದ ಬತ್ತಿ ಸವರಿದರೆ ಸಾಕು.

ನಿಜವಾದ ಅಪಾಯ ಈ ಹಳಿಗಳ ಅಡಿಯಲ್ಲಿದೆ. ಅನೇಕ ಫೈಬರ್ ದೋಣಿಗಳ ಡೆಕ್ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಮಾಡಿದ್ದು. ಸ್ಕ್ರೂ ತೂತಿನಿಂದ ನೀರು ಒಳಗಿಳಿದರೆ ಆ ಮರ ಸದ್ದಿಲ್ಲದೆ ಕೊಳೆಯುತ್ತದೆ. ನಾಣ್ಯದಿಂದ ತಟ್ಟುತ್ತಾ ಹೋಗಿ. ಟಣಟಣ ಎಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಬೊದ್ದು ಜಾಗ ಅಂಗೈಗಿಂತ ದೊಡ್ಡದಿದ್ದರೆ ಮೇಲಿನ ಪದರವನ್ನು ಕತ್ತರಿಸಿ ತೆಗೆದು ಒಳಗಿನ ಮರ ಬದಲಿಸಬೇಕು. ಅದು ಅನುಭವಸ್ಥರ ಕೆಲಸ. ಹಾನಿ ತೂತುಗಳ ಸುತ್ತ ಮಾತ್ರ ಇದ್ದರೆ ನೀವೇ ಮಾಡಬಹುದು. 5 ಮಿ.ಮೀ. ಸ್ಕ್ರೂವಿನ ತೂತನ್ನು 12 ಮಿ.ಮೀ.ಗೆ ಹಿಗ್ಗಿಸಿ, ಕೆಳಪದರವನ್ನು ತೂರದೆ ನಿಲ್ಲಿಸಿ. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಪದರಗಳ ನಡುವಿನ ಕೊಳೆತ ಮರ ಕೆರೆದು ಬರುತ್ತದೆ. ಒಮ್ಮೆ ಸಿಹಿನೀರಿನಿಂದ ತೊಳೆಯಿರಿ, ಏಕೆಂದರೆ ಉಪ್ಪು ಉಳಿದರೆ ಗಾಳಿಯ ತೇವವನ್ನು ಎಳೆದುಕೊಂಡು ಎಂದಿಗೂ ಒಣಗಗೊಡುವುದಿಲ್ಲ. ವಾರಗಟ್ಟಲೆ ಒಣಗಿಸಿ, ಮೊದಲು ತೆಳು ಇಪಾಕ್ಸಿ ಸುರಿದು ಮರಕ್ಕೆ ಕುಡಿಸಿ, ಅದು ಅಂಟಂಟಾಗಿರುವಾಗಲೇ ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಇಪಾಕ್ಸಿಯಿಂದ ತೂತು ತುಂಬಿಸಿ. ಗಟ್ಟಿಯಾದ ಮೇಲೆ ಅದರ ನಡುವೆ ಹೊಸ ತೂತು ಕೊರೆದು, ಬಾಯಿಯನ್ನು ಸ್ವಲ್ಪ ಆಲಿಕೆಯಂತೆ ಅಗಲಿಸಿ. ಹಳಿಯ ಅಡಿಗೆ ಬ್ಯುಟೈಲ್ ಟೇಪ್ (ರಬ್ಬರಿನ ಮೆತ್ತನೆಯ ಅಂಟುಪಟ್ಟಿ) ಇಟ್ಟು ಸ್ಕ್ರೂ ಬಿಗಿದಾಗ ಆ ಅಗಲಿಸಿದ ಬಾಯಿಯಲ್ಲಿ ಟೇಪು ಉಂಗುರದಂತೆ ಕೂತು ನೀರು ತಡೆಯುತ್ತದೆ. ಬ್ಯುಟೈಲನ್ನು ಒಮ್ಮೆಗೇ ಪೂರ್ತಿ ಬಿಗಿಯಬಾರದು; ಮೂರು ನಾಲ್ಕು ದಿನ ಬಿಸಿಲಿಗೆ ಮೆತ್ತಗಾದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ತಗಡಿನ ಮಾಡಿಗೆ ಹಾಕುವ ಬ್ಯುಟೈಲ್ ಟೇಪ್ ಪೇಟೆಯಲ್ಲಿ ಸಿಗುತ್ತದೆ. ಅದೇ ರೀತಿ ಕಾಣುವ ಡಾಂಬರಿನ ಟೇಪ್ ಬೇಡ, ಬಿಸಿಲಿಗೆ ಕರಗಿ ಹರಿಯುತ್ತದೆ.

ಗೂಡಿಗೆ ಬಿರುಕು ಬಿಟ್ಟಿದ್ದು ಫೈಬರ್ ಕೆಲಸದವರನ್ನು ಕರೆಯುವಿರಾದರೆ ಒಂದು ಎಚ್ಚರಿಕೆ. ನಮ್ಮ ಮೀನುಗಾರಿಕೆಯ ದೋಣಿಗಳನ್ನು ಕಟ್ಟುವವರು ಪಾಲಿಯೆಸ್ಟರ್ ರೆಸಿನ್ ಮತ್ತು ಮ್ಯಾಟ್ (ನೇಯದ ಗಾಜಿನೆಳೆಗಳ ಹಾಸು) ಬಳಸುತ್ತಾರೆ, ಅವರ ಕೈಯೂ ಅದರಲ್ಲಿ ಚೆನ್ನಾಗಿ ಪಳಗಿರುತ್ತದೆ. ಪಾಲಿಯೆಸ್ಟರ್ ಮೇಲೆ ಇಪಾಕ್ಸಿ ಹಿಡಿಯುತ್ತದೆ. ಇಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ನೀವು ಇಪಾಕ್ಸಿ ತುಂಬಿಸಿದ ಜಾಗದ ಮೇಲೆ ಅವರು ಮ್ಯಾಟ್ ಹಾಕಿದರೆ ಒಂದು ದಿನ ಹೊಪ್ಪಳೆಯಂತೆ ಎದ್ದು ಬರುತ್ತದೆ. ಹಾಗೆಯೇ ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದು, ಇಪಾಕ್ಸಿಯಲ್ಲಿ ಕರಗದು. ಇಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆಯನ್ನೇ ಬಳಸಬೇಕು. ಇಪಾಕ್ಸಿ ಕೆಲಸವನ್ನು ಇಬ್ಬನಿ ಪೂರ್ತಿ ಆರಿದ ಮೇಲೆ ಆರಂಭಿಸಿ, ಇಳಿಹೊತ್ತಿಗೆ ಮೊದಲೇ ಮುಗಿಸಿ. ತೇವವಿದ್ದರೆ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಕಟ್ಟಿದರೆ ಮುಂದಿನ ಪದರಕ್ಕೆ ಮೊದಲು ನೀರಿನಿಂದ ತಿಕ್ಕಿ ತೊಳೆಯಬೇಕು. ನಮ್ಮ ಸೆಕೆಗೆ ನಿಧಾನವಾಗಿ ಗಟ್ಟಿಯಾಗುವ ಹಾರ್ಡ್‌ನರ್ ಕೇಳಿ ತನ್ನಿ, ಸಣ್ಣ ಸಣ್ಣ ಪ್ರಮಾಣದಲ್ಲಿ ಕಲಸಿ, ಕೈಗವಸು ಮರೆಯಬೇಡಿ.

ಇಷ್ಟಾದ ಮೇಲೆ ಹಿಂದಿನಿಂದ ಬೀಸುವ ಗಾಳಿಗೆ ಉತ್ತರ ಕೊಡಬೇಕು. ಗೂಡಿನೊಳಗೆ, ಬಾಗಿಲ ತೆರಪಿನ ಮುಂದಿನ ಅಂಚಿನಲ್ಲಿ, ಡೆಕ್ಕಿನಿಂದ ಕನಿಷ್ಠ 25 ಮಿ.ಮೀ. ಎತ್ತರದ ಏರುಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ತೇಗದ ಪಟ್ಟಿಯೊಂದನ್ನು ಇಪಾಕ್ಸಿಯಿಂದ ಕೂರಿಸಿ. ಮುಚ್ಚಳದ ಮುಂದಿನ ಅಂಚಿನ ಅಡಿಗೆ, ಮುಚ್ಚಿದಾಗ ಆ ಏರುಪಟ್ಟಿಯ ಮುಂಬದಿಗೆ ಬಂದು ಇಳಿಯುವಂತೆ ಒಂದು ತುಟಿ ಹಾಕಿ. ಎರಡರ ನಡುವಿನ ಸಂದಿಗೆ ಅಲ್ಯೂಮಿನಿಯಂ ಜಾರು ಕಿಟಕಿಗೆ ಹಾಕುವ ಬ್ರಷ್ ಪಟ್ಟಿ ಬಹಳ ಒಳ್ಳೆಯದು. ಕಿಟಕಿ ಕೆಲಸದ ಅಂಗಡಿಗಳಲ್ಲಿ ಅಡಿ ಲೆಕ್ಕದಲ್ಲಿ ಸಿಗುತ್ತದೆ, ಜಾರುವುದಕ್ಕೆ ಅಡ್ಡಿಯಾಗದೆ ಗಾಳಿಯ ವೇಗ ಮುರಿಯುತ್ತದೆ. ರಬ್ಬರ್ ಗ್ಯಾಸ್ಕೆಟ್ ಹಾಕುವುದಾದರೆ ಮುಚ್ಚಳ ಕೊನೆಗೆ ಬಂದು ಒತ್ತಿ ನಿಲ್ಲುವ ಜಾಗದಲ್ಲಿ ಮಾತ್ರ, ಅದೂ ಬಿಸಿಲು ಮಳೆ ತಾಳುವ ಇಪಿಡಿಎಂ ರಬ್ಬರಿನದ್ದು. ಹಳಿಯ ಉದ್ದಕ್ಕೆ ಫೋಮ್ ಅಂಟಿಸಿದರೆ ಅದು ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಹಿಂದೆ, ಮುಚ್ಚಳದ ಅಂಚು ಮೇಲಿನ ಬಾಗಿಲ ಹಲಗೆಯ ಹೊರಮೈಯನ್ನು 15–20 ಮಿ.ಮೀ. ಆದರೂ ಮುಚ್ಚಿ ಇಳಿದಿರಬೇಕು. ಹಲಗೆಗಳು ಒಂದರ ಮೇಲೊಂದು ಕೂರುವ ಅಂಚನ್ನು ಹೊರಕ್ಕೆ ಇಳಿಜಾರಾಗಿ ಕೀಸಿ, ಮೇಲಿನದು ಕೆಳಗಿನದರ ಹೊರಬದಿಯನ್ನು ಮುಚ್ಚುವಂತೆ ಮಾಡಿ. ಹೊಸ್ತಿಲಿಗೂ ಹೊರ ಇಳಿಜಾರು ಬೇಕು. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದು ಇಡುವುದಾದರೆ ಮೂತಿ ಪಡುವಣಕ್ಕೆ ಇರಲಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಟಾರ್ಪಾಲಿನ್ ಹೊದಿಸಿದರೆ ಎರಡೂ ತುದಿ ಗಾಳಿಯಾಡಲು ಬಿಡಿ, ಇಲ್ಲವಾದರೆ ಒಳಗೆಲ್ಲ ಬೂಸ್ಟು ಹಿಡಿಯುತ್ತದೆ.

ಅಲ್ಯೂಮಿನಿಯಂ ಹ್ಯಾಚ್ ಬಗ್ಗೆ ಕೇಳಿದ್ದೀರಿ. ಗ್ಯಾಸ್ಕೆಟ್ಟಿನ ಮೇಲೆ ಒತ್ತಿ ಮುಚ್ಚುವ, ಕೀಲಿನ ಹ್ಯಾಚ್ ನೀರು ತಡೆಯುವುದರಲ್ಲಿ ಮೇಲು, ಅನುಮಾನವಿಲ್ಲ. ಆದರೆ ಬಾಗಿಲಿನ ಮೇಲೆ ಅದು ಹೊಂದುವುದಿಲ್ಲ. ಎತ್ತಿ ತೆರೆದರೆ ಹಾಯಿಯ ಅಡಿಮರಕ್ಕೂ ಹಗ್ಗಗಳಿಗೂ ತಾಗುತ್ತದೆ, ಬಾಗಿಲ ಹಲಗೆಗಳ ಜೊತೆ ಮೂಲೆಯಲ್ಲಿ ಸೇರಬೇಕಾದ ಸಂದು ಹಾಗೆಯೇ ಉಳಿಯುತ್ತದೆ, ಚಪ್ಪಟೆ ಚೌಕಟ್ಟನ್ನು ಕೂರಿಸಲು ಬಾಗಿದ ಡೆಕ್ಕನ್ನು ಮತ್ತೆ ಕತ್ತರಿಸಬೇಕಾಗುತ್ತದೆ. ಡೆಕ್ಕಿನ ಒಳಮರ ಒದ್ದೆಯಾಗಿದ್ದರೆ ಆ ಕೆಲಸ ಹೇಗೂ ತಪ್ಪುವುದಿಲ್ಲ. ಹಳಿಗಳನ್ನು ಬಿಚ್ಚಿ ನಾಣ್ಯದಿಂದ ತಟ್ಟಿ ನೋಡುವವರೆಗೆ ಹೊಸ ಹ್ಯಾಚ್‌ಗೆ ಮುಂಗಡ ಕೊಡಬೇಡಿ. ಡಿಸೆಂಬರಿನಲ್ಲಿ ಬಿಚ್ಚಲು ಆರಂಭಿಸಿದರೆ ಒಣಗಿಸುವುದಕ್ಕೆ ಜನವರಿ ಪೂರ್ತಿ ಸಿಗುತ್ತದೆ, ಮರದ ಮತ್ತು ಇಪಾಕ್ಸಿಯ ಕೆಲಸವನ್ನು ಮಾರ್ಚ್ ಒಳಗೆ ಮುಗಿಸಬಹುದು. ಮೇ ತಿಂಗಳಲ್ಲಿ ಅದೇ ಪೈಪಿನ ಪರೀಕ್ಷೆಯನ್ನು ಹೊಸ ಟಿಶ್ಯೂ ಪಟ್ಟಿಗಳೊಡನೆ ಮತ್ತೊಮ್ಮೆ ಮಾಡಿ, ಈ ಬಾರಿ ನೀರನ್ನು ಹಿಂದಿನಿಂದ ಮುಂದಕ್ಕೆ ಹಾಯಿಸಿ ನೋಡಿ.